ಹಂಚಿಹೋದ ಫಟಫಟಿ

ನಮ್ಮ ಮನೆಯಲ್ಲಿ ಮಾತು ನೆಟ್ಟಗೆ ಹೋಗುತ್ತಿರಲಿಲ್ಲ. ಆಯಿ, ಅಂದರೆ ಅಪ್ಪನ ತಾಯಿ, ಅಪ್ಪನಿಗೆ ಏನಾದರೂ ಹೇಳಬೇಕಾದರೆ ನನಗೆ ಹೇಳುತ್ತಿದ್ದಳು. ಅಪ್ಪ ಆಯಿಗೆ ಹೇಳಬೇಕಾದದ್ದನ್ನೂ ನನಗೇ ಹೇಳುತ್ತಿದ್ದ. ಇಬ್ಬರೂ ಒಂದೇ ಪಡಸಾಲೆಯಲ್ಲಿ ಕಂಬದ ಆಚೆ ಈಚೆ ಕುಳಿತಿರುತ್ತಿದ್ದರು, ಒಬ್ಬರ ಮಾತು ಇನ್ನೊಬ್ಬರ ಕಿವಿಗೆ ಬಿದ್ದೇ ಬೀಳುತ್ತಿತ್ತು. ಆದರೂ ಅದು ನನ್ನ ಬಾಯಿಂದ ಇನ್ನೊಮ್ಮೆ ಹೊರಡುವವರೆಗೆ ಯಾರೂ ಕೇಳಿಸಿಕೊಂಡ ಲೆಕ್ಕವಲ್ಲ.

"ಪಾರವ್ವಾ, ನಿಮ್ಮಪ್ಪಗ ಹೇಳು, ರೊಟ್ಟಿ ಆರಿ ಹಪ್ಪಳ ಆಗಾಕತ್ತ್ಯಾವಂತ."

"ನಿಮ್ಮ ಆಯಿಗೆ ಹೇಳು, ಕೈ ಎಣ್ಣಿ ಆಗೈತಿ, ತೊಳಕೊಂಡು ಬರ್ತೀನಂತ."

ಈ ಕೆಲಸದಲ್ಲಿ ನಾನು ಬಹಳ ಬೇಗ ಪಳಗಿದೆ. ಆಯಿ "ಆ ಹಾಳ ಕಬ್ಬಣದ ಮುಂದ ಕುಂತು ಹಸದು ಸಾಯಿ ಅನ್ನು" ಎಂದರೆ ನಾನು ಅಪ್ಪನ ಹತ್ತಿರ ಹೋಗಿ "ಉಣ್ಣಾಕ ಬಾ ಅಂತ" ಎನ್ನುತ್ತಿದ್ದೆ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಮಾತಿನ ಮುಳ್ಳು ತೆಗೆದು ತಿರುಳಷ್ಟನ್ನೇ ಒಯ್ಯುವುದು ನನ್ನ ಪಾಲಿನ ಉದ್ಯೋಗವಾಗಿತ್ತು. ಮುಂದೆ ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸ್ ಆದ ಮೇಲೆ, ವಾರ್ಡಿನ ಬಾಗಿಲಲ್ಲಿ ನಿಂತ ಮಂದಿಗೆ ಒಳಗಿನ ಸುದ್ದಿ ಹೇಳುವ ಹೊತ್ತು ಬಂದಾಗ ಉಳಿದ ನರ್ಸುಗಳೆಲ್ಲ ನನ್ನ ಮುಖ ನೋಡುತ್ತಿದ್ದರು. ಆದರೆ ಅಲ್ಲಿ ನಾನು ಮುಳ್ಳು ತೆಗೆಯಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಕಲ್ಲು ಮನಸ್ಸಿನವಳು ಎಂದು ಹೆಸರೂ ತೆಗೆದುಕೊಂಡೆ. ಹಾಗೆ ಆಗಲು ನಮ್ಮ ಮನೆಯ ಫಟಫಟಿ ಕಾರಣ. ನಮ್ಮ ಕಡೆ ಮೋಟರ್ ಸೈಕಲ್ಲಿಗೆ ಹಾಗೇ ಅನ್ನುವುದು.

ಭಾಗ್ಯನಗರದ ನಮ್ಮ ಮನೆ ಮಣ್ಣಿನ ಮಾಳಿಗೆಯದು. ತಲೆಬಾಗಿಲು ದಾಟಿದ ಕೂಡಲೇ ಎಡಕ್ಕೆ ದನ ಕಟ್ಟುವ ಜಾಗ, ಅಲ್ಲೊಂದು ಉದ್ದನೆಯ ಗೋದಲಿ. ಬಲಕ್ಕೆ ಮೆಟ್ಟಿಲೇರಿದರೆ ಪಡಸಾಲೆ, ಅದರ ಹಿಂದೆ ಅಡುಗೆ ಮನೆ, ಅದಕ್ಕೆ ಅಂಟಿಕೊಂಡಂತೆ ದೇವರ ಖೋಲಿ. ಬೆಳಕೆಂಬುದು ಮಾಳಿಗೆಯ ಬೆಳಕಿಂಡಿಯಿಂದ ಬಿದ್ದಷ್ಟೇ. ನನಗೆ ತಿಳಿವಳಿಕೆ ಬರುವ ಹೊತ್ತಿಗೆ ದನ ಮಾರಿ ಆಗಿತ್ತು. ಗೋದಲಿಯಲ್ಲಿ ಮೇವಿನ ಬದಲು ನಟ್ಟು ತಿರುವುವ ಪಾನಾ, ನಟ್ಟು, ಎಣ್ಣೆ ಹೀರಿದ ಚಿಂದಿ ಇರುತ್ತಿದ್ದವು. ಅಪ್ಪ ಈರಣ್ಣ ಎಂಜಿನ್ ಮೇಸ್ತ್ರಿ. ಹೊಲದ ಬಾವಿಗಳಲ್ಲಿ ನೀರೆತ್ತುವ ಡೀಸೆಲ್ ಎಂಜಿನ್ನು ಕೆಟ್ಟರೆ ಹಿಟ್ನಾಳದಿಂದ ಹನುಮಸಾಗರದವರೆಗೆ ಅವನಿಗೆ ಕರೆ ಬರುತ್ತಿತ್ತು. ಆದರೆ ಯಾರೂ ಅವನ ಕೈಗೆ ಗಾಡಿ ಕೊಡುತ್ತಿರಲಿಲ್ಲ. ಲಾರಿ, ಜೀಪು, ಫಟಫಟಿ, ಮಂದಿ ಹತ್ತಿ ಕೂರುವ ಯಾವುದನ್ನೂ ಕೊಡುತ್ತಿರಲಿಲ್ಲ. ನಿಂತಲ್ಲೇ ನಿಂತು ಬಡಬಡಿಸುವ ಎಂಜಿನ್ನುಗಳಷ್ಟೇ ಅವನ ಪಾಲಿಗೆ.

ಅದಕ್ಕೆ ಕಾರಣ ದೊಡ್ಡಪ್ಪ ಬಸಣ್ಣ, ಅಪ್ಪನ ಅಣ್ಣ. ಅವನನ್ನು ನೋಡಿದ ನೆನಪು ನನಗಿಲ್ಲ, ಅವನು ಹೋದಾಗ ನಾನು ತೊಟ್ಟಿಲಲ್ಲಿದ್ದೆ. ಅವನಿಗೆ ಮದುವೆ ಆಗಿರಲಿಲ್ಲ. ನಿಜಾಮರ ಕಾಲದ ಯಾರೋ ಸಾಹೇಬನ ಪರದೇಶದ ಫಟಫಟಿಯೊಂದು ಹಾಳು ಬಿದ್ದದ್ದನ್ನು ಎಲ್ಲಿಂದಲೋ ತಂದಿದ್ದ. ಅಪ್ಪ ಅದನ್ನು ನಡೆಯುವಂತೆ ಮಾಡಿಕೊಟ್ಟಿದ್ದ. ಅಂಥ ಗಾಡಿಗೆ ಬಿಡಿಭಾಗ ಎಲ್ಲಿ ಸಿಗಬೇಕು? ಸವೆದದ್ದನ್ನೆಲ್ಲ ಅಪ್ಪನೇ ಕೈಯಿಂದ ಮಾಡಿ ಹಾಕುತ್ತಿದ್ದ. ಹಿಂದಿನ ಗಾಲಿಯ ಬ್ರೇಕಿಗೆ ಒಂದು ಉದ್ದನೆಯ ಸರಳಿರುತ್ತದೆ. ಕಾಲಲ್ಲಿ ಒತ್ತಿದರೆ ಆ ಸರಳು ಎಳೆದು ಗಾಲಿ ನಿಲ್ಲಿಸುತ್ತದೆ. ಅದನ್ನೂ ಅಪ್ಪನೇ ಮಾಡಿದ್ದ. ಹಿಟ್ನಾಳದ ತಿರುವಿನಲ್ಲಿ ದೊಡ್ಡಪ್ಪ ಸಣ್ಣ ಸೇತುವೆಯ ಕಲ್ಲಿಗೆ ಬಡಿದು ಸತ್ತ. ಮಣ್ಣು ಮಾಡಿ ಬಂದವರ ಮುಂದೆ ಆಯಿ ಹೇಳಿದ್ದು ಒಂದೇ ಮಾತಂತೆ: "ಬ್ರೇಕಿನ ಸರಳು ಮುರದಿತ್ತು." ಊರಿಗೆ ಅಷ್ಟು ಸಾಕಾಯಿತು. ತಮ್ಮ ಮಾಡಿದ ಸರಳು ಅಣ್ಣನ ಜೀವ ತೆಗೆಯಿತು ಎಂಬ ಮಾತು ಹುಟ್ಟಿದ್ದು ಅಂದೇ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಅನ್ನುವುದು ಗಡಿಗೆಗಷ್ಟೇ ಅಲ್ಲ, ಮೇಸ್ತ್ರಿಯ ಹೆಸರಿಗೂ ಸರಿ. ಅಂದಿನಿಂದ ಆಯಿ ಅಪ್ಪನೊಡನೆ ಮಾತು ಬಿಟ್ಟಳು. ದೇವರ ಖೋಲಿಗೆ ಅವನು ಕಾಲಿಡಕೂಡದು ಎಂದಳು. ಅಪ್ಪ ಎರಡನ್ನೂ ತಲೆ ಬಗ್ಗಿಸಿ ಒಪ್ಪಿಕೊಂಡ.

ಅಪ್ಪ ಆ ಸರಳನ್ನು ನೋಡಲಿಲ್ಲವೇ ಎಂದು ಕೇಳಬಹುದು. ನೋಡಲು ಬಿಟ್ಟಿದ್ದರಲ್ಲವೇ? ಜೀವ ತೆಗೆದ ಕಬ್ಬಿಣವನ್ನು ಮನೆಯಲ್ಲಿ ಇಡಬಾರದು, ಮಾರಲೂಬಾರದು, ಬಿಚ್ಚಿ ಬೀಗರ ಕೈಯಲ್ಲಿ ಊರಿಗೊಂದರಂತೆ ಹಂಚಿ ಕಳಿಸಬೇಕು ಎಂಬುದು ನಮ್ಮ ಮನೆತನದ ಪದ್ಧತಿ. ಹಂಚಿಹೋದ ಕಬ್ಬಿಣಕ್ಕೆ ಮತ್ತೆ ಕೂಡಿಕೊಳ್ಳುವ ಶಕ್ತಿ ಇರುವುದಿಲ್ಲವಂತೆ. ಅಪ್ಪ ಮಣ್ಣಿಗೆ ಹೋಗಿದ್ದಾಗಲೇ ಗಾಡಿ ಬಂಡಿಯಲ್ಲಿ ಹಿತ್ತಲಿಗೆ ಬಂದಿತ್ತು. ಅವನದೇ ಪಾನಾಗಳಿಂದ ಅದನ್ನು ಬಿಚ್ಚಿದರು. ಅವನು ಸ್ನಾನ ಮಾಡಿ ಎದ್ದು ಬರುವ ಹೊತ್ತಿಗೆ ಬೀಗರು ಒಂದೊಂದು ಗಂಟು ಹಿಡಿದು ಬಸ್ಸು ಹತ್ತಿದ್ದರು. ಸರಳು ಯಾರು ಒಯ್ದರು ಎಂದು ಅಪ್ಪ ಅವ್ವನಿಂದ ಕೇಳಿಸಿದ್ದಕ್ಕೆ ಆಯಿ "ಯಾರೋ ಒಯ್ದ್ರು, ನೆನಪಿಲ್ಲ" ಎಂದಳಂತೆ.

ನಾನು ಸಾಲೆಯಲ್ಲಿ ಭಾಗಾಕಾರದ ಲೆಕ್ಕ ಕಲಿಯುತ್ತಿದ್ದ ಕಾಲಕ್ಕೆ ಅಪ್ಪ ಆ ಗಾಡಿಯನ್ನು ಮತ್ತೆ ಕಟ್ಟಲು ಹೊರಟ. ಯಾಕೆ ಅಷ್ಟು ವರ್ಷ ಸುಮ್ಮನಿದ್ದು ಆಗಲೇ ಹೊರಟನೋ ನನಗೆ ಗೊತ್ತಿಲ್ಲ. ಒಂದು ದಿನ ಗಂಗಾವತಿಯ ಬೀಗರ ಗದ್ದೆಯಿಂದ ಎಂಜಿನ್ನನ್ನು ಬಂಡಿಯಲ್ಲಿ ಹೇರಿಕೊಂಡು ಬಂದ. ಭತ್ತದ ಮಿಲ್ಲಿಗೆ ಹೂಡುತ್ತೇವೆ ಎಂದು ಒಯ್ದವರು ಬೇವಿನ ಗಿಡದ ಕೆಳಗೆ ಒಗೆದಿದ್ದರಂತೆ, ಅದರೊಳಗೆ ಇರುವೆಗಳು ಸಂಸಾರ ಹೂಡಿದ್ದವು. ಅಪ್ಪ ಅದನ್ನು ಗೋದಲಿಯ ಹತ್ತಿರ ಇಳಿಸಿದ್ದನ್ನು ಆಯಿ ಪಡಸಾಲೆಯಿಂದ ನೋಡಿದಳು.

"ಪಾರವ್ವಾ, ನಿಮ್ಮಪ್ಪಗ ಕೇಳು. ಹೊರಗ ಹಾಕಿದ್ದ ಸಾವನ್ನ ಮತ್ತ ಒಳಗ ಯಾಕ ತಂದಾನಂತ ಕೇಳು."

ಅದರಲ್ಲಿ ಮುಳ್ಳು ಯಾವುದು ತಿರುಳು ಯಾವುದು ನನಗೆ ತಿಳಿಯಲಿಲ್ಲ. "ಯಾಕ ತಂದಿ ಅಂತ" ಎಂದಷ್ಟೇ ಹೇಳಿದೆ. ಅಪ್ಪ ಎಂಜಿನ್ನಿನೊಳಗಿನ ಇರುವೆ ಕೊಡವತೊಡಗಿದ. ಆಯಿ ಅಂದಿನಿಂದ ಗೋದಲಿಗೆ ಬೆನ್ನು ಮಾಡಿ ಕೂರತೊಡಗಿದಳು. ಊಟಕ್ಕೂ ಹಾಗೇ, ಬತ್ತಿ ಹೊಸೆಯಲೂ ಹಾಗೇ. ಅವಳ ಬೆನ್ನು ಒಂದು ಬಾಗಿಲು ಹಾಕಿದಂತೆ ಕಾಣುತ್ತಿತ್ತು.

ಸಾಲೆಗೆ ಸೂಟಿ ಇದ್ದಾಗ ಅಪ್ಪ ನನ್ನನ್ನು ಸೈಕಲ್ಲಿನ ಮುಂದಿನ ದಂಡಿಗೆಯ ಮೇಲೆ ಕೂರಿಸಿಕೊಂಡೋ ಬಸ್ಸಿನಲ್ಲೋ ಊರೂರಿಗೆ ಕರೆದೊಯ್ಯುತ್ತಿದ್ದ. ಮಗಳನ್ನು ಕಂಡರೆ ಬೀಗರು ಮುಖ ಮುರಿಯಲಾರರು ಎಂಬ ಉಪಾಯ ಅವನದು. ಹಿಟ್ನಾಳದಲ್ಲಿ ಸೋದರತ್ತೆಯ ಮನೆಯಲ್ಲಿ ಹೊಗೆ ಬಿಡುವ ಕೊಳವೆ ಒಲೆ ಊದುವ ಊದುಗೊಳವೆ ಆಗಿತ್ತು. ಕುಷ್ಟಗಿಯಲ್ಲಿ ಗಾಲಿಯೊಂದು ಬಾವಿಯ ಗಡಗಡೆ ಆಗಿ ನೀರು ಸೇದುತ್ತಿತ್ತು. ಹನುಮಸಾಗರದವರು ಪೆಟ್ರೋಲ್ ಟಾಕಿಯಲ್ಲಿ ಸೀಮೆಎಣ್ಣೆ ತುಂಬಿಟ್ಟಿದ್ದರು. ಯಲಬುರ್ಗಾದ ಅಂಗಳದಲ್ಲಿ ಒಂದು ನಾಯಿ ದೀಪದ ಚಿಪ್ಪಿನಲ್ಲಿ ಮಜ್ಜಿಗೆ ಕುಡಿಯುತ್ತಿತ್ತು. ಒಬ್ಬರೂ ಸುಮ್ಮನೆ ಕೊಡಲಿಲ್ಲ. ಕೊಡಲು ಅಂಜಿಕೆ, ಅದಕ್ಕಿಂತ ಹೆಚ್ಚಾಗಿ ಇಷ್ಟು ವರ್ಷ ಬಳಸಿ ಹೊಂದಿಕೊಂಡ ಒಡವೆ. ಸೋದರತ್ತೆಯಂತೂ ಕೊಳವೆಯನ್ನು ಮಡಿಲಲ್ಲಿಟ್ಟುಕೊಂಡು ಕೂತುಬಿಟ್ಟಳು.

"ಇದ ಹೋದ್ರ ನಾ ಒಲಿ ಯಾವುದರ್ಲೆ ಊದ್ಲೋ ಈರಣ್ಣ? ದಿನಾ ಬಾಯಿಗೆ ಹಚ್ಚಿದ್ದು. ಬಸಣ್ಣನ್ನ ನೆನಸದ ನಾ ಒಂದು ರೊಟ್ಟಿನೂ ಬೇಸಿಲ್ಲ."

ಅಪ್ಪ ಮುಂದಿನ ವಾರ ಅವಳಿಗೆ ಹಿತ್ತಾಳೆಯ ಬಾಯಿ ಕೂರಿಸಿದ ಹೊಸ ಊದುಗೊಳವೆ ಮಾಡಿಕೊಂಡು ಹೋದ. ಕುಷ್ಟಗಿಗೆ ಜಾಲಿಕಟ್ಟಿಗೆಯ ಗಡಗಡೆ, ಹನುಮಸಾಗರಕ್ಕೆ ತಗಡಿನ ಡಬ್ಬಿ, ನಾಯಿಗೊಂದು ಬೋಗುಣಿ. ಕೊಟ್ಟು ತರುವುದು ನಡೆಯಿತು. ಒಂದು ಗಾಡಿ ಕೂಡುವಷ್ಟರಲ್ಲಿ ಅಪ್ಪ ಬೀಗರ ಅರ್ಧ ಸಂಸಾರ ಮಾಡಿಕೊಟ್ಟಿದ್ದ. ಎಲ್ಲ ಮನೆಯಲ್ಲೂ ಹೊರಡುವಾಗ ಚಪ್ಪಲಿ ಮೆಟ್ಟುತ್ತ, ಮರೆತದ್ದು ಈಗ ನೆನಪಾಯಿತು ಎನ್ನುವ ದನಿಯಲ್ಲಿ ಒಂದು ಮಾತು ಕೇಳುತ್ತಿದ್ದ: "ಸಣ್ಣದೊಂದು ಸರಳಿತ್ತು. ನಿಮ್ಮ ಕಡೆ ಬಂದಿತ್ತೇನ್ರಿ?" ಎಲ್ಲರೂ ಇಲ್ಲವೆಂದು ತಲೆ ಆಡಿಸುತ್ತಿದ್ದರು. ದಾರಿಯುದ್ದಕ್ಕೂ ಆಮೇಲೆ ಅಪ್ಪ ಕೇಳಿ ಪಡೆದ ಭಾಗದ ಕಡೆ ಕಣ್ಣೂ ಹಾಯಿಸುತ್ತಿರಲಿಲ್ಲ. ಸಣ್ಣ ಹುಡುಗಿಯಾದರೂ ನನಗೆ ಹೊಳೆಯಿತು, ಅವನು ಊರು ಸುತ್ತುತ್ತಿದ್ದದ್ದು ಗಾಲಿಗಲ್ಲ, ಟಾಕಿಗಲ್ಲ. ಸರಳೊಂದನ್ನೇ ಕೇಳಿಕೊಂಡು ಹೋಗಲು ಅವನಿಗೆ ಮರ್ಯಾದೆ ಅಡ್ಡ ಬಂದಿತ್ತು.

ಒಂದು ದಿನ ಕೇಳಿಯೇಬಿಟ್ಟೆ.

"ಅಪ್ಪಾ, ಆ ಸರಳು ಸಿಕ್ರ ಏನ್ ಮಾಡ್ತಿ?"

"ನೋಡ್ತೀನಿ."

"ಮುರದಿದ್ರ?"

"ಮುರದಿದ್ರ ಎಲ್ಲಿ ಮುರದೈತಿ ನೋಡ್ತೀನಿ. ಮಂದಿಗೆ ಬ್ಯಾಡವ್ವ. ಏನ್ ತಪ್ಪು ಮಾಡೇನಿ ಅಂತ ನನ್ನ ಕೈಗಾರ ಗೊತ್ತಾಗಬೇಕಲ್ಲ."

ಹಾಗೆಂದು ಗೋದಲಿಯ ಮೇಲಿನ ಗೋಡೆಯಲ್ಲಿ ಇದ್ದಿಲಿನಿಂದ ಅದರ ಚಿತ್ರ ಬರೆದು ತೋರಿಸಿದ. ಒಂದು ತುದಿಗೆ ಸೂಜಿಗಿರುವಂತೆ ಕಣ್ಣು. ಇನ್ನೊಂದು ತುದಿಗೆ ಸುರುಳಿ ಗೀರಿನ ಮರೆ ಕೊರೆದು, ಹಳೆಯ ನಳದ ಹಿತ್ತಾಳೆಯನ್ನು ಅರದಿಂದ ತಿಕ್ಕಿ ಮಾಡಿದ, ಎರಡು ಕಿವಿಗಳಿದ್ದ ನಟ್ಟು. ಪಾನಾ ಇಲ್ಲದೆ ಬೆರಳಿನಿಂದಲೇ ತಿರುಗಿಸಲಿ ಎಂದು ಅಣ್ಣನಿಗಾಗಿ ಮಾಡಿದ ಅನುಕೂಲ ಅದು. ಕಣ್ಣಿನ ಹತ್ತಿರ ಮೂರು ಚುಕ್ಕೆ, ತನ್ನ ಗುರುತಿಗೆ. ಆ ಚಿತ್ರ ಬಹಳ ದಿನ ಗೋಡೆಯ ಮೇಲಿತ್ತು.

ಸಿಗದ ಭಾಗಗಳು ಮನೆಯಲ್ಲೇ ಹುಟ್ಟತೊಡಗಿದವು. ನನ್ನ ಪಾಟಿಚೀಲದ ಚರ್ಮದಿಂದ ಎಂಜಿನ್ನಿನ ಸಂದಿಗೆ ಪಟ್ಟಿ ಆಯಿತು. ಸೋರುವ ಟಾಕಿಗೆ ಬಚ್ಚಲಿನ ಸಾಬೂನು ಮೆತ್ತಿಕೊಂಡಿತು. ಹ್ಯಾಂಡಲಿನ ಹಿಡಿಗಳನ್ನು ಕಿನ್ನಾಳದ ಗೊಂಬೆ ಮಾಡುವವರಿಂದ ಕಟ್ಟಿಗೆಯಲ್ಲಿ ಮಾಡಿಸಿ ಕೆಂಪು ಬಣ್ಣ ಹಾಕಿಸಿದ. ನಾಗರಪಂಚಮಿಯ ದಿನ ಅವ್ವ ನಾಗಪ್ಪಗೆ ಹಾಲೆರೆಯಲು ತವರಿನ ಹಿತ್ತಾಳೆ ತಂಬಿಗೆ ಹುಡುಕಿದಳು. ಮಾಡದಲ್ಲಿಲ್ಲ, ನೆಲುವಿನ ಮೇಲಿಲ್ಲ. ಅಪ್ಪ ಗೋದಲಿಯ ಹತ್ತಿರ ತಲೆ ಎತ್ತದೆ ಕುಳಿತಿದ್ದ. ಅವನ ಕೈಯಲ್ಲಿ ಎಂಜಿನ್ನಿನ ಅಚ್ಚಿಗೆ ಹಾಕುವ, ಬಳೆಯಂತೆ ಹೊಳೆಯುವ ಹೊಸ ಬುಷ್ ಇತ್ತು. ಕಮ್ಮಾರನ ಕುಲುಮೆಯಲ್ಲಿ ತಂಬಿಗೆ ಕರಗಿ ಬುಷ್ ಆಗಿತ್ತು.

"ನಿಮ್ಮಣ್ಣನ ಗಾಡಿಗೆ ನನ್ನ ತವರುಮನಿ ಬೇಕಾತೇನ್ರಿ?"

ಅವ್ವ ಕೂಗಲಿಲ್ಲ. ಕೂಗಿದ್ದರೆ ಚೆನ್ನಾಗಿತ್ತು. ಮಣ್ಣಿನ ಕುಡಿಕೆಯಲ್ಲಿ ಹಾಲು ಹೊಯ್ದುಕೊಂಡು ಹುತ್ತಕ್ಕೆ ಹೋದಳು. ಬಂದು ಅಪ್ಪನಿಗೆ ಅಳ್ಳಿಟ್ಟು ಬಡಿಸಿದಳು, ಮಾತಾಡಲಿಲ್ಲ. ಈಗ ಎರಡು ಕಡೆಯ ಮಾತೂ ನನ್ನ ತಲೆಯ ಮೇಲೆ ಬಿತ್ತು. ಒಂದು ತಿಂಗಳಾದ ಮೇಲೆ ಅವಳೇ ಸೋತು, ತೂತು ಬಿದ್ದ ಹಿತ್ತಾಳೆ ಸೌಟೊಂದನ್ನು ಅವನ ಮುಂದೆ ಒಗೆದು "ಇದನ್ನೂ ಹಾಕ್ರಿ. ಅಡಗಿಮನಿ ಪೂರಾ ಹತ್ತಿಸಿಕೊಂಡು ಓಡಾಡ್ರಿ" ಎಂದಳು. ಅಪ್ಪ ನಕ್ಕ. ಆ ವರ್ಷ ಅವನು ನಕ್ಕದ್ದು ನನಗೆ ನೆನಪಿರುವುದು ಅದೊಂದೇ ಸಲ.

ಕ್ಲಚ್ಚಿನ ತಟ್ಟೆಯಲ್ಲಿ ಸಣ್ಣ ಸಣ್ಣ ತೂತುಗಳಿದ್ದವು, ಅವುಗಳಲ್ಲಿ ಬೂಚು ತುಂಬಬೇಕು. ಅಪ್ಪ ಹೆಂಡ ಮಾರುವ ಸೆರೆ ಅಂಗಡಿಯ ಹಿಂದೆ ಬಿದ್ದ ಬಾಟಲಿ ಬೂಚುಗಳನ್ನು ಆರಿಸಿ ತಂದು ಪಡಸಾಲೆಯಲ್ಲೇ ಬಿಸಿನೀರಿನಲ್ಲಿ ನೆನೆಯಿಟ್ಟ. ನಮ್ಮದು ಲಿಂಗ ಕಟ್ಟಿದ ಮನೆ, ಆ ವಾಸನೆ ಅಲ್ಲಿ ಹುಟ್ಟಿದ್ದಿಲ್ಲ. ಆಯಿ ಊಟಕ್ಕೆ ಕುಳಿತಿದ್ದಳು. ತುತ್ತು ಎತ್ತಿದವಳು ಹಾಗೇ ಇಳಿಸಿ, ಗೋಡೆ ಹಿಡಿದುಕೊಂಡು ಎದ್ದು ಹಿತ್ತಲಿಗೆ ಹೋಗಿ ವಾಂತಿ ಮಾಡಿಕೊಂಡಳು. ಆಮೇಲೆ ದೇವರ ಖೋಲಿ ಸೇರಿ ಬಾಗಿಲು ಹಾಕಿಕೊಂಡಳು. ಮಡಿವಂತ ಮುದುಕಿ, ಸೆರೆಯ ವಾಸನೆಗೆ ಹೇಸಿದಳು ಎಂದುಕೊಂಡೆವು. ಅವ್ವ ನೀರನ್ನು ಓಣಿಗೆ ಚೆಲ್ಲಿ ಪಡಸಾಲೆ ಸಾರಿಸಿದಳು.

ಆ ವರ್ಷ ಮಹಾನವಮಿ ಹತ್ತಿರ ಬಂದಾಗ ಗಾಡಿಗೆ ಒಂದು ರೂಪ ಬಂದಿತ್ತು. ಮಹಾನವಮಿಯ ಮುಂದೆ ಮನೆಯ ಅರಿವೆಯನ್ನೆಲ್ಲ ಒಗೆದು ಹಾಕುವುದು ನಮ್ಮ ಕಡೆಯ ರೂಢಿ. ಕೌದಿ, ಜಮಖಾನೆ, ಒಂದೂ ಬಿಡುವಂತಿಲ್ಲ. ದೇವರ ಮುಂದಿನ ಕೆಂಪು ಪರದೆಯನ್ನು ಮಾತ್ರ ಆಯಿಯೇ ಬಿಚ್ಚಿ, ಆಯಿಯೇ ಒಗೆದು, ಆಯಿಯೇ ಕಟ್ಟುತ್ತಿದ್ದಳು. ಬೇರೆಯವರು ಕೈ ಹಚ್ಚುವಂತಿರಲಿಲ್ಲ. ಆ ಸಲ ಅವಳಿಗೆ ಜ್ವರ ಬಂದು ಪಡಸಾಲೆಯಲ್ಲಿ ಮಲಗಿದ್ದಳು.

"ಪಾರೂ, ದ್ಯಾವರ ಪರದೆ ಬಿಚ್ಚಿಕೊಂಡು ಬಾ. ನಿಮ್ಮ ಆಯಿನ್ನ ಕೇಳಾಕ ಹೋಗಬ್ಯಾಡ, ಬ್ಯಾಡ ಅಂತಾರ" ಎಂದಳು ಅವ್ವ.

ನಾನು ದೇವರ ಖೋಲಿಗೆ ಹೋಗಿ ಮಣೆಯ ಮೇಲೆ ನಿಂತು ಪರದೆಯನ್ನು ಅದರ ಸರಳಿನ ಸಮೇತ ಮೊಳೆಗಳಿಂದ ಎತ್ತಿಕೊಂಡೆ. ಬಟ್ಟೆಯನ್ನು ಒಂದು ಕಡೆಗೆ ಸರಿಸಿ ಎಳೆದರೆ ತುದಿಗೆ ಏನೋ ಅಡ್ಡ ಬಂತು. ಬಟ್ಟೆಯ ಬಾಯಿ ಹಿಗ್ಗಿಸಿ ನೋಡಿದೆ. ಎರಡು ಕಿವಿಯ ಹಿತ್ತಾಳೆ ನಟ್ಟು. ಈ ತುದಿಗೆ ಕಣ್ಣು. ಕಣ್ಣಿನ ಹತ್ತಿರ ಎಣ್ಣೆಕಮಟು ಕಟ್ಟಿತ್ತು, ಉಗುರಿನಿಂದ ಕೆರೆದಾಗ ಮೂರು ಚುಕ್ಕೆ ಬಂದವು. ದಿನಾ ಮುಂಜಾನೆ ನಾನು ಆಯಿಗೆ ಹೂ ಕೊಡಲು ಬಂದು, ಇದೇ ಪರದೆ ಸರಿಸಿ, ಇದೇ ಸರಳಿನ ಕೆಳಗೆ ತಲೆ ಬಗ್ಗಿಸುತ್ತಿದ್ದೆ. ಅಪ್ಪ ಐದು ಊರಿನ ಬೀಗರ ಬಾಗಿಲಲ್ಲಿ ಕೇಳುತ್ತಿದ್ದದ್ದು ಮನೆಯಲ್ಲೇ, ಅವನು ಕಾಲಿಡಬಾರದ ಒಂದೇ ಖೋಲಿಯಲ್ಲಿತ್ತು. ಪರದೆ ಸಮೇತ ಅದನ್ನು ಮೊದಲಿನ ಹಾಗೆ ಸಿಕ್ಕಿಸಿ ಬರಬಹುದಿತ್ತು. ಅದುವರೆಗೆ ನಾನು ಒಯ್ದದ್ದು ಬರೀ ಮಾತು, ಮಾತಾಗಿದ್ದರೆ ಅರ್ಧ ನುಂಗಬಹುದಿತ್ತು. ಸರಳಿನಲ್ಲಿ ನುಂಗುವಂಥದ್ದು ಏನೂ ಇರಲಿಲ್ಲ. ಪರದೆ ಜಗ್ಗಿ ಬಿಡಿಸಿ, ಪಡಸಾಲೆಯಲ್ಲಿ ಮಲಗಿದ್ದ ಆಯಿಯ ಕಾಲ ಹತ್ತಿರದಿಂದಲೇ ದಾಟಿ ಗೋದಲಿಗೆ ಇಳಿದೆ.

ಅಪ್ಪ ಅದನ್ನು ನೋಡಿದ ಕೂಡಲೇ ಕಸಿದುಕೊಳ್ಳಲಿಲ್ಲ. ಚಿಂದಿ ತೆಗೆದುಕೊಂಡು ಮೊದಲು ಕೈ ಒರೆಸಿಕೊಂಡ. ಆಮೇಲೆ ಎರಡೂ ಅಂಗೈ ಮೇಲೆ ಇಸಿದುಕೊಂಡು ಬೆಳಕಿಂಡಿಯ ಕೆಳಗೆ ಹಿಡಿದು ಒಂದು ತುದಿಯಿಂದ ಇನ್ನೊಂದು ತುದಿಗೆ ಹೆಬ್ಬೆರಳು ಸರಿಸಿದ. ನಟ್ಟು ಬಿಚ್ಚಿ ಮರೆ ನೋಡಿದ. ಕಣ್ಣು ಅಂಚಿನಿಂದ ಹೊರಗೆ ಇರುವಂತೆ ನುಣುಪಾದ ಚಪ್ಪಡಿಯ ಮೇಲೆ ಇಟ್ಟು ಉರುಳಿಸಿದ. ಬಾಗಿದ ಸರಳಾದರೆ ಉರುಳುವಾಗ ಕುಣಿಯುತ್ತದೆ. ಅದು ಒಂದಿಷ್ಟೂ ಕುಣಿಯದೆ ಆ ಬದಿಯವರೆಗೆ ಉರುಳಿ ಹೋಗಿ ಗೋಡೆಗೆ ತಾಗಿ ನಿಂತಿತು.

"ಎಲ್ಲಿತ್ತವ್ವ?"

"ದ್ಯಾವರ ಪರದೆಗೆ ಹಾಕಿದ್ರು."

ಅಪ್ಪ ಗೋಡೆಯ ಬುಡದಿಂದ ಸರಳನ್ನು ಎತ್ತಿಕೊಂಡು ನಟ್ಟು ಮತ್ತೆ ಹಾಕಿದ. ಆಮೇಲೆ ಎದ್ದು ಸರಳು ಹಿಡಿದುಕೊಂಡು ಆಯಿಯ ಹಾಸಿಗೆಯ ಹತ್ತಿರ ಬಂದ. ಅಡುಗೆ ಮನೆಯಿಂದ ಅವ್ವ ಹಿಟ್ಟಿನ ಕೈಯಲ್ಲೇ ಬಂದು ಬಾಗಿಲಲ್ಲಿ ನಿಂತಳು.

"ಯವ್ವಾ, ಇದು ಮುರದಿಲ್ಲ."

ನಾನು ರೂಢಿಯಂತೆ ಬಾಯಿ ತೆರೆದೆ. "ಆಯಿ, ಅಪ್ಪ ಅಂತಾನ..."

ಆಯಿ ಕೌದಿಯೊಳಗಿಂದ ಕೈ ಎತ್ತಿ ನನ್ನನ್ನು ತಡೆದಳು. "ನೀ ಸುಮ್ನಿರವ್ವ. ನನಗ ಕೇಳಸೇತಿ."

ಎದ್ದು ಕೂರಲು ಹೋದಳು, ಆಗಲಿಲ್ಲ. ಮಲಗಿಕೊಂಡೇ ಮಾಳಿಗೆ ನೋಡುತ್ತ ಹೇಳಿದಳು.

"ಹೌದು, ಮುರದಿಲ್ಲ."

"ಮುರದೈತಿ ಅಂದಿ. ಮಂದಿ ಮುಂದ ಅಂದಿ."

"ಅಂದೆ."

"ಯಾಕ?"

"ಅವ ಕುಡದಿದ್ದ ಈರಣ್ಣ. ಕಡೀಕ ಅವನ ಬಾಯಿ ತೊಳದಾಕಿ ನಾನು. ಇನ್ನ ಮುಟ್ಟಾಂಗಿಲ್ಲ ಅಂತ ದ್ಯಾವರ ಖೋಲ್ಯಾಗ ದೀಪ ಮುಟ್ಟಿ ಆಣಿ ಮಾಡಿದ್ದ. ನನ್ನ ಮಗ ಬಿಟ್ಟಾನ, ಬಿಟ್ಟಾನ ಅಂತ ಓಣಿಗೆಲ್ಲ ನಾನ ಹೇಳಿಕೋತ ತಿರಗಿದ್ದೆ. ಬಂಡ್ಯಾಗ ಗಾಡಿ ಬಂತು. ನೀ ಮಾಡಿದ್ದ ಸರಳು ಬೆಳ್ಳಗ ಕಂಡಿತು. ಕೈಲೆ ತಿರುವಿದೆ, ಬಂತು. ಕುಡದು, ಆಣಿ ಮುರದು ಸತ್ತ ಅಂತ ಊರ ಬಾಯಾಗ ಹಾಕಲೇನು ಅವನ್ನ?"

"ಅದಕ್ಕ ನನ್ನ ಹಾಕಿದಿ."

"ನೀ ಬದುಕಿದ್ದಿ. ಬದುಕಿದ್ದಾವ ತಡಕೊಂತಾನ. ಸತ್ತಾವ ಹೆಂಗ ತಡಕೊಂತಾನೋ?"

ಆಯಿ ಅಳುತ್ತಿದ್ದಳು, ಕಣ್ಣೀರು ಕಿವಿಯ ಕಡೆ ಇಳಿಯುತ್ತಿತ್ತು. "ದಿನಾ ಅದರ ಮುಂದ ದೀಪ ಹಚ್ಚೀನಿ" ಎಂದಳು ಆಮೇಲೆ, ಅದರಿಂದ ಏನೋ ಸರಿಹೋಗುತ್ತದೆ ಎಂಬಂತೆ. ಮುದುಕಿಯನ್ನು ಕಂಡು ನನಗೆ ಕರುಣೆ ಬರಬೇಕಿತ್ತು. ಬರಲಿಲ್ಲ. ನನ್ನನ್ನು ಎತ್ತಿ ಆಡಿಸಿದವಳು, ತಲೆಗೆ ಎಣ್ಣೆ ಹಚ್ಚಿದವಳು, ಅವಳ ಮೇಲೆ ಅಂದು ಬಂದ ಸಿಟ್ಟು ಈಗ ನನಗೆ ಮೊಮ್ಮಕ್ಕಳಾದರೂ ಪೂರ್ತಿ ಇಳಿದಿಲ್ಲ. ಇಬ್ಬರು ಗಂಡುಮಕ್ಕಳಲ್ಲಿ ಒಬ್ಬ ಸತ್ತ. ಇನ್ನೊಬ್ಬನನ್ನು ಸತ್ತವನ ಹೊದಿಕೆಗೆ ಹರಿದು ಹಾಕಿದಳು.

ಅವ್ವನಿಗೆ ಅಂದೇ ನ್ಯಾಯ ಬೇಕಾಗಿತ್ತು. "ಕಟ್ಟಿ ಮ್ಯಾಲೆ ಇದನ್ನ ಇಟಗೊಂಡು ಕುಂದರ್ರಿ. ಬಂದಾವ್ರು ಹೋದಾವ್ರು ನೋಡ್ಲಿ" ಎಂದಳು. ಅಪ್ಪ ಮರುದಿನ ಮುಂಜಾನೆ ಸ್ನಾನ ಮಾಡಿ, ಹಣೆಗೆ ವಿಭೂತಿ ಹಚ್ಚಿಕೊಂಡು, ನಾನು ಒಗೆದು ಒಣಗಿಸಿದ್ದ ಪರದೆಯನ್ನು ಕೇಳಿ ಇಸಿದುಕೊಂಡ. ಅದನ್ನು ಸರಳಿಗೆ ಪೋಣಿಸಿ, ನಟ್ಟು ಬಿಗಿದು, ನನಗೆ ನೆನಪಿರುವಂತೆ ಮೊದಲ ಸಲ ದೇವರ ಖೋಲಿಯ ಹೊಸ್ತಿಲು ದಾಟಿ, ಎರಡು ಮೊಳೆಗಳ ಮೇಲೆ ಕೂರಿಸಿದ.

"ಎಂಥಾ ಗಂಡಸ್ರಿ ನೀವು?" ಎಂದಳು ಅವ್ವ. ಅವಳ ದನಿ ಒಡೆದಿತ್ತು.

"ನನ್ನ ಕೈಗೆ ಗೊತ್ತಾತು. ಸಾಕು. ಅವ ನಮ್ಮಣ್ಣ ಅಲ್ಲೇನು?"

ನನಗೆ ಸಾಕಾಗಲಿಲ್ಲ, ಅವ್ವನಿಗೂ ಸಾಕಾಗಲಿಲ್ಲ. ಆದರೆ ಸರಳು ಅವನದು, ಹೆಸರು ಅವನದು. ಗಾಡಿಗೆ ಅಪ್ಪ ಬೇರೆ ಸರಳು ಮಾಡಿದ, ಅದೇ ಅಳತೆ, ಅದೇ ಕಿವಿಯ ನಟ್ಟು. ಚಳಿಗಾಲ ಮುಗಿಯುವ ಮುಂದೆ ಒಂದು ಮುಂಜಾನೆ ಕಿಕ್ ಹೊಡೆದ. ಎಷ್ಟೋ ಸಲ ಕೆಮ್ಮಿ ಕೆಮ್ಮಿ ಕೊನೆಗೆ ಅದು ಬಾಯಿ ಬಿಟ್ಟಿತು. ಮಾಳಿಗೆಯ ಮಣ್ಣು ಉದುರಿತು, ಗೋದಲಿಯ ಪಾನಾಗಳು ಕುಣಿದವು. ಹೊಗೆಯಲ್ಲಿ ನನಗೆ ಹಿಟ್ನಾಳದ ಸೋದರತ್ತೆಯ ಒಲೆ ನೆನಪಾಯಿತು. ಆಯಿ ಜ್ವರದಿಂದ ಎದ್ದಿದ್ದಳು. ಬೆನ್ನು ಮಾಡಿ ಕೂರಲಿಲ್ಲ, ಈ ಕಡೆ ಮುಖ ಮಾಡಿ ಕಂಬ ಹಿಡಿದು ಕುಳಿತಿದ್ದಳು. ಅವಳ ಕಣ್ಣು ಗಾಡಿಯ ಮೇಲಿತ್ತೋ ಅಪ್ಪನ ಮೇಲಿತ್ತೋ ತಿಳಿಯಲಿಲ್ಲ.

ಅಂದಿನಿಂದ ಅವರಿಬ್ಬರ ನಡುವೆ ಮಾತು ನೆಟ್ಟಗೆ ಹೋಗತೊಡಗಿತು. ನನ್ನ ಉದ್ಯೋಗ ಹೋಯಿತು. ಹೋದದ್ದಕ್ಕೆ ಸಂತೋಷಪಡಬೇಕಿತ್ತು, ಆದರೆ ಮೊದಲು ನನ್ನ ಮೂಲಕವಾದರೂ ದಿನವಿಡೀ ಆಡುತ್ತಿದ್ದವರು ಈಗ "ಉಣ್ಣು", "ಉಂಡೆ" ಎಂಬಲ್ಲಿಗೆ ನಿಲ್ಲಿಸುತ್ತಿದ್ದರು. ಮನೆ ಇನ್ನೂ ಮೂಕವಾಯಿತು. ಆಯಿ ಅದಾದ ಮೇಲೂ ಬಹಳ ವರ್ಷ ಬದುಕಿದಳು. ಪರದೆಯನ್ನು ತಾನೇ ಒಗೆಯುವುದನ್ನು ಬಿಡಲಿಲ್ಲ. ಸಾಯುವಾಗಲೂ ಊರಿನ ಮುಂದೆ ಆ ಮಾತು ತಿರುಗಿ ತೆಗೆದುಕೊಳ್ಳಲಿಲ್ಲ. ಅಪ್ಪ ತಾನು ಕಟ್ಟಿದ ಫಟಫಟಿಯ ಮೇಲೆ ಊರೂರಿಗೆ ಎಂಜಿನ್ ರಿಪೇರಿಗೆ ಹೋಗುತ್ತಿದ್ದ, ಮಂದಿ ನಿಂತು ನೋಡುತ್ತಿದ್ದರು. ಧೈರ್ಯ ನೋಡು ಇವನದು, ಅದೇ ಗಾಡಿ ಹತ್ಯಾನ, ಎನ್ನುತ್ತಿದ್ದರು. ತಮ್ಮ ಗಾಡಿಯನ್ನು ಮಾತ್ರ ಕಡೆಯವರೆಗೂ ಅವನ ಕೈಗೆ ಕೊಡಲಿಲ್ಲ.

ಅಪ್ಪ ಹೋದ ಚೈತ್ರದಲ್ಲಿ ತೀರಿಕೊಂಡ. ಮುಪ್ಪಿನ ಸಾವು, ನೋವಿಲ್ಲದೆ ಹೋದ. ಮಣ್ಣು ಮಾಡಿ ಬಂದ ಗಂಡಸರು ಕೈಕಾಲು ತೊಳೆದು ಕಟ್ಟೆಯ ಮೇಲೆ ಕುಳಿತಿದ್ದರು. ಒಳಗೆ ಅವ್ವನ ಹತ್ತಿರ ನಾನಿದ್ದೆ. ಹಿಟ್ನಾಳದ ಬೀಗರ ಪೈಕಿ ಹಿರಿಯರೊಬ್ಬರು ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು ಬಾಗಿಲಿಂದ ಕೇಳಿಸಿತು.

"ಛಲೋ ಕೈ ಇತ್ತು ಈರಣ್ಣಂದು. ಅಣ್ಣನ ಪಾಲಿಗಷ್ಟ ಅದೊಂದು ಸಲ ತಪ್ಪಿತು. ಇರಲಿ, ದ್ಯಾವರಿಚ್ಛಾ."

ನಾನು ಎದ್ದೆ. ಅವ್ವ ನನ್ನ ಮುಖ ನೋಡಿ, ದಾರಿಗೆ ಅಡ್ಡವಾಗಿ ಚಾಚಿಕೊಂಡಿದ್ದ ಕಾಲು ಮಡಿಚಿಕೊಂಡಳು. ದೇವರ ಖೋಲಿಗೆ ಹೋಗಿ, ಪರದೆ ಜಗ್ಗಿ ತೆಗೆದು ಸರಳು ಹಿಡಿದುಕೊಂಡು ಕಟ್ಟೆಗೆ ಬಂದೆ. ಹಿರಿಯರ ಕೈಯಲ್ಲಿಟ್ಟೆ.

"ಅಪ್ಪ ಮಾಡಿದ್ದ ಬ್ರೇಕಿನ ಸರಳು ಇದ ರಿ. ಎಲ್ಲಿ ಮುರದೈತಿ ತೋರಸ್ರಿ."

ಅವರು ಕನ್ನಡಕ ಹಾಕಿಕೊಂಡು ತಿರುವಿ ಮುರುವಿ ನೋಡಿದರು. ಬೆರಳಾಡಿಸಿದರು. ಪಕ್ಕದವರಿಗೆ ಕೊಟ್ಟರು. ಕಟ್ಟೆಯುದ್ದಕ್ಕೂ ಅದು ಕೈಯಿಂದ ಕೈಗೆ ಹೋಯಿತು. ಕುಷ್ಟಗಿಯವರು ನೋಡಿದರು, ಗಂಗಾವತಿಯವರು ನೋಡಿದರು. ತಿರುಗಿ ಹಿರಿಯರ ಕೈಗೇ ಬಂತು.

"ಇದು ಮುರದ ಇಲ್ಲಲ್ಲವ್ವ" ಎಂದರು ಅವರು. ದನಿ ಇಳಿದಿತ್ತು. "ಮತ್ತ ಇಷ್ಟು ವರ್ಷ ನಿಮ್ಮಪ್ಪ ಯಾಕ ಸುಮ್ನಿದ್ದ?"

"ಬದುಕಿದ್ದ, ತಡಕೊಂಡಿದ್ದ. ಇನ್ನ ಅವಗ ಆಗೂದಿಲ್ಲರಿ."